ಹುಲಗಮ್ಮನ ಪದ ನಕಲಾದ ದಿನ

“ಡಿಸ್ಕ್ ಕೆಟ್ಟಿಲ್ಲ, ಪಕೀರಮ್ಮ. ಅದು ಪಾಪ, ತನಗ ಹೇಳಿದಷ್ಟು ನೆಟ್ಟಗ ಮಾಡೈತಿ.”

ಅಮರಮ್ಮ ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರಿನ ಪಕ್ಕದ ಕರಿಯ ಡಬ್ಬಿಯ ಮೇಲೆ ಕೈಯಿಟ್ಟಳು. ಡಬ್ಬಿ ಬೆಚ್ಚಗಿತ್ತು. ಹತ್ತು ದಿನದಿಂದ ಈ ಮನೆಯಲ್ಲಿ ಬೆಚ್ಚಗಿರುವುದು ಇದೊಂದೇ ಇರಬೇಕು ಎಂದುಕೊಂಡಳು.

“ಮತ್ತ ಆ ರವಿಕುಮಾರ ಕೆಟ್ಟೈತಿ, ಹೊಸಾದು ತಗೋರಿ ಅಂದನಲ್ರೀ ಅಕ್ಕಾರ?”

“ಕಂಪ್ಯೂಟರ್ ಅಂಗಡಿ ಇಟ್ಟಾವ ಹೊಸಾದು ತಗೋರಿ ಅನ್ನದ, ಹಳೇದ್ರಾಗ ಕಾಲ ಕಳೀರಿ ಅಂತಾನೇನು?”

ಪಕೀರಮ್ಮ ನಗಲಿಲ್ಲ. ಬಾಗಿಲ ತೋಳಿಗೆ ಒರಗಿ ನಿಂತು ಸೆರಗಿನ ತುದಿಯ ಗಂಟನ್ನು ಬೆರಳಲ್ಲಿ ತಿರುವುತ್ತಿದ್ದಳು.

ಅವಳ ಅಣ್ಣ ಬಾಲಪ್ಪ, ನಿವೃತ್ತ ಡ್ರಾಯಿಂಗ್ ಮಾಸ್ತರ, ನವೆಂಬರ್ ಇಪ್ಪತ್ತೊಂಬತ್ತರ ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಯಲಬುರ್ಗಾದಿಂದ ಗಂಗಾವತಿಗೆ ಹೋಗುತ್ತೇನೆಂದವನು ಆಮೇಲೆ ಯಾರಿಗೂ ಕಂಡಿರಲಿಲ್ಲ. ಅವನ ಚೀಲ ಮಾತ್ರ ಗಂಗಾವತಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿತ್ತು. ಪೊಲೀಸರು ಅಲ್ಲಿಯ ಲಾಡ್ಜುಗಳನ್ನು ಮುಗಿಸಿ ಈಗ ಕಾಲುವೆಯ ದಂಡೆ ಹಿಡಿದಿದ್ದರು. ಕಾಲುವೆ ಎಂದರೆ ಸಾಕು, ಪಕೀರಮ್ಮ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ಮಾತು: ಅಣ್ಣ ಇದ್ದಾನೆಯೇ?

ಅದನ್ನು ಕೇಳಲೆಂದೇ ಕುಷ್ಟಗಿಯಿಂದ ಅಮರಮ್ಮನನ್ನು ಕರೆಸಿದ್ದಳು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಅಮರಮ್ಮ ಕೊನೆಯ ಆರು ವರ್ಷ ಠಾಣೆಯ ಕಂಪ್ಯೂಟರಿಗೆ ಮಂದಿಯ ದೂರು ತುಂಬಿದವಳು. ಆಕೆ ಕಾಲುವೆಗೆ ಹೋಗಲಿಲ್ಲ. ಬಾಲಪ್ಪನ ನೋಟುಬುಕ್ಕಿನ ಕೊನೆಯ ಹಾಳೆ ತೆರೆದಳು. ಅಲ್ಲಿ ಎರಡೇ ಸಾಲು ಇದ್ದವು: ‘ಬ್ಯಾಕಪ್ ಪೂರ್ತಿಯಾಗುತ್ತಿಲ್ಲ. ನಾನಿಲ್ಲದಾಗ ಯಾರೋ ಕೈ ಹಾಕುತ್ತಿದ್ದಾರೆ.’

ಅದಕ್ಕೇ ಬೆಳಗಿನಿಂದ ಈ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಬಾಲಪ್ಪ ಐದು ವರ್ಷ ಬೇವೂರು, ಅಳವಂಡಿ, ಇಟಗಿ ಎಂದು ಅಲೆದು ಮುದುಕಿಯರ ಬೀಸುವ ಪದಗಳನ್ನು ಧ್ವನಿ ಹಿಡಿದು ತಂದು ಈ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಮುನ್ನೂರಕ್ಕೂ ಹೆಚ್ಚು. ಹಾಡಿದವರಲ್ಲಿ ಅರ್ಧ ಜನ ಈಗ ಇಲ್ಲ. ಪ್ರತಿದಿನ ಸಂಜೆ ನಾಲ್ಕಕ್ಕೆ, ಹೊಸದಾಗಿ ಬಂದದ್ದೂ ಹಿಂದೆ ಉಳಿದದ್ದೂ ತಾನೇ ತಾನಾಗಿ ಕರಿಯ ಡಬ್ಬಿಗೆ ನಕಲಾಗಬೇಕು. ಯಾವುದನ್ನು ಎತ್ತಿಟ್ಟೆ, ಯಾವುದನ್ನು ಬಿಟ್ಟೆ ಎಂದು ಕಂಪ್ಯೂಟರು ಒಂದು ಪಟ್ಟಿ ಬರೆದಿಡುತ್ತಿತ್ತು. ಮಾಸ್ತರ ಓದದೆ ಬಿಟ್ಟಿದ್ದು ಆ ಪಟ್ಟಿಯನ್ನೇ.

“ಮೂರು ದಿನ ಕೆಲಸಾನ ನಡೆದಿಲ್ಲ,” ಅಮರಮ್ಮ ಕಾಗದದ ಚೂರು ನೋಡಿ ಓದಿದಳು. “ಸೆಪ್ಟೆಂಬರ್ ಇಪ್ಪತ್ತೊಂದು. ಅಕ್ಟೋಬರ್ ಇಪ್ಪತ್ತೊಂದು. ನವೆಂಬರ್ ಇಪ್ಪತ್ತು. ನಿಮ್ಮ ಗ್ವಾಡಿ ಕ್ಯಾಲೆಂಡರ್ ತಿರುವಿ ನೋಡಿದ್ನಿ. ಮೂರಕ್ಕೂ ಕರೀ ಚುಕ್ಕಿ.”

“ಅಮಾಸಿ!”

“ಹೂಂ. ಅಮಾಸಿ ದಿನ ನೀ ಏನ್ ಮಾಡ್ತಿ, ಹೇಳು.”

ಪಕೀರಮ್ಮನ ಮುಖ ಸಣ್ಣದಾಯಿತು. “ಏನ್ ಮಾಡೂದ್ರಿ? ಮನಿ ತೊಳದು, ಒಲಿಗೆ, ಬೀಸೂ ಕಲ್ಲಿಗೆ, ಇದಕ್ಕೂ ವಿಭೂತಿ ಹಚ್ಚಿ ಊದಬತ್ತಿ ಬೆಳಗತೀನಿ. ಬೆಳಗಿ ವೈರ್ ಕಿತ್ತಿಡತೀನ್ರಿ. ಎತ್ತಿಗೂ ಅಮಾಸಿಗೆ ನೊಗ ಹೂಡಂಗಿಲ್ಲ. ತಿಂಗಳಿಗೆ ಒಂದಿನ ಇದೂ ದಣಿವು ಆರಿಸಿಕೊಳ್ಳಲಿ ಅಂತ.”

“ಮಾಸ್ತರಗ ಗೊತ್ತೈತೇನು?”

“ಅಮಾಸಿ ದಿನ ಹೆಣ್ಣುಮಕ್ಕಳು ಹೊಲಕ್ಕ ಹೋಗಂಗಿಲ್ಲ, ಕುಂತು ಹಾಡ್ತಾರ ಅಂತ ಅಣ್ಣ ನಸುಕಿನ್ಯಾಗ ಹಳ್ಳಿಗೆ ಹೋಗಿಬಿಡ್ತಿದ್ದ. ಅಂವ ಬರೂದ್ರೊಳಗ ತಿರುಗಿ ಸಿಗಸ್ತಿದ್ನಿ. ಹೇಳಿದ್ರ ನಗತಾನ ಅಂತ ಹೇಳಿದ್ದಿಲ್ಲ.” ಅವಳು ನೋಟುಬುಕ್ಕಿನ ಕೊನೆಯ ಹಾಳೆಯತ್ತ ನೋಡಿದಳು. “ಅಂವ ‘ಯಾರೋ’ ಅಂತ ಬರದದ್ದು ನನಗೇನ್ರಿ?”

“ಅರ್ಧಾ ನಿನಗ. ಇನ್ನರ್ಧಾ ಬ್ಯಾರೇದವ್ರಿಗೆ.”

ಅಮರಮ್ಮ ಪರದೆಯತ್ತ ತಿರುಗಿದಳು. ಅವಳನ್ನು ಬೆಳಗಿನಿಂದ ಕಾಡಿದ್ದು ಅಮಾವಾಸ್ಯೆಯಲ್ಲ. ಒಂದು ಫೈಲು.

ಅದರ ಹೆಸರು ‘ಹುಲಗಮ್ಮ’. ಹಿಂದೆಯೇ ಹಿಡಿದಿದ್ದ ಆ ಪದವನ್ನು ಮಾಸ್ತರ ಸೆಪ್ಟೆಂಬರ್ ಮೂರರಂದಷ್ಟೇ ಕಂಪ್ಯೂಟರಿಗೆ ಹಾಕಿದ್ದ. ಅಂದಿನಿಂದ, ಆ ಮೂರು ಅಮಾವಾಸ್ಯೆ ಬಿಟ್ಟು, ಪಟ್ಟಿಯಲ್ಲಿ ಪ್ರತಿದಿನ ಅದೇ ಸಾಲು: ‘ಹುಲಗಮ್ಮ. ತೆರೆದಿದೆ. ಬಿಡಲಾಗಿದೆ.’ ಯಾರಾದರೂ ತೆರೆದು ಕುಳಿತ ಫೈಲನ್ನು ಈ ಬ್ಯಾಕಪ್ಪು ಮುಟ್ಟುತ್ತಿರಲಿಲ್ಲ. ಬಿಟ್ಟು ಮುಂದೆ ಹೋಗಿ, ಮರುದಿನ ಮತ್ತೆ ಬಂದು ನೋಡುತ್ತಿತ್ತು. ಅಂದರೆ ಸುಮಾರು ಮೂರು ತಿಂಗಳು, ಪಟ್ಟಿ ಬಿದ್ದ ಒಂದು ದಿನವೂ ತಪ್ಪದೆ, ಸಂಜೆ ನಾಲ್ಕು ಹೊಡೆಯುವ ಹೊತ್ತಿಗೆ ಯಾರೋ ಈ ಕುರ್ಚಿಯಲ್ಲಿ ಕುಳಿತು ಹುಲಗಮ್ಮನ ಪದ ಕೇಳುತ್ತಿದ್ದರು.

ಒಂದೇ ಒಂದು ದಿನ ಕೇಳಿರಲಿಲ್ಲ. ಆ ದಿನ ಫೈಲು ಸಲೀಸಾಗಿ ನಕಲಾಗಿತ್ತು. ಒಮ್ಮೆ ನಕಲಾದ ಮೇಲೆ ಅದನ್ನು ಮತ್ತೆ ಎತ್ತುವ ಕೆಲಸವಿರದ ಕಾರಣ ಮುಂದೆ ಆ ಹೆಸರೇ ಇರಲಿಲ್ಲ.

ಆ ದಿನ ನವೆಂಬರ್ ಇಪ್ಪತ್ತೊಂಬತ್ತು.

“ಹುಲಗಮ್ಮ ಅಂದ್ರ ನಿಮ್ಮ ಬಾಜೂ ಮನಿ ದ್ಯಾಮಣ್ಣನ ಹೇಣ್ತಿ ಅಲ್ಲನು?”

“ಹೌದ್ರಿ. ಆಷಾಢದಾಗ ತೀರಿಕೊಂಡ್ಳು.”

“ನಾಲ್ಕಕ್ಕ ನಿಮ್ಮಣ್ಣ ಮನ್ಯಾಗ ಇರ್ತಿದ್ನೇನು?”

“ಮೂರೂವರಿಗೆ ಕೆರಿ ಕಡೆ ತಿರುಗಾಡಾಕ ಹೋದ್ರ ಬರೂದು ಐದಕ್ಕರಿ. ಬೀಗದ ಕೈ ದ್ಯಾಮಣ್ಣನ ಹತ್ರ ಕೊಟ್ಟು ಹೋಗ್ತಿದ್ದ. ನಾ ದವಾಖಾನಿ ಡ್ಯೂಟಿ ಮುಗಿಸಿ ಬರೂದ್ರಾಗ ಏಳು.”

ಅಮರಮ್ಮನಿಗೆ ತನ್ನ ಮನೆ ನೆನಪಾಯಿತು. ಕುಷ್ಟಗಿಯ ತನ್ನ ಬಾಡಿಗೆ ಕೋಣೆಗೆ ಬೀಗ ಹಾಕುವಾಗ ಅವಳು ರೇಡಿಯೋ ಹಚ್ಚಿಯೇ ಬರುತ್ತಿದ್ದಳು. ತಿರುಗಿ ಬಂದು ಬಾಗಿಲು ತೆಗೆದಾಗ ಒಳಗೆ ಯಾರಾದರೂ ಮಾತಾಡುತ್ತಿರಲಿ ಎಂದು. ಆ ಮಾತು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ.

ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು.

“ಪಕೀರವ್ವಾ, ಏನರ ಸುದ್ದಿ ಬಂತಾ?”

ದ್ಯಾಮಣ್ಣ ಬಾಗಿ ಒಳಗೆ ಬಂದ. ಮಾಸ್ತರನ ಶಾಲೆಯಲ್ಲೇ ಸಿಪಾಯಿಯಾಗಿ ಮೂವತ್ತು ವರ್ಷ ಗಂಟೆ ಬಾರಿಸಿದವನು. ಇಸ್ತ್ರಿ ಇಲ್ಲದಿದ್ದರೂ ಮಡಿಕೆ ಕೆಡದ ಬಿಳಿ ಅಂಗಿ, ಕಂಕುಳಲ್ಲಿ ಟವೆಲ್ಲು.

“ಬರ್ರಿ ದ್ಯಾಮಣ್ಣ. ಮೂರೂ ಮುಕ್ಕಾಲು. ಟೈಮಿಗೆ ಸರಿಯಾಗಿ ಬಂದ್ರಿ.”

“ರಿಟೈರ್ ಆದ್ರೂ ನಿಮ್ಮ ಮೈಮ್ಯಾಲಿನ ಖಾಕಿ ಇಳದಿಲ್ಲ ನೋಡ್ರಿ, ಅಮರವ್ವ. ಬಂದವರ ಟೈಮು ಬರಕೊಂಡೇ ಕುಂತಿರ್ತೀರಿ.”

“ನಾ ಬರಕೊಳ್ಳಿಲ್ಲ. ಇದು ಬರಕೊಂಡೈತಿ.” ಅಮರಮ್ಮ ಎದ್ದು ಸ್ಟೂಲಿಗೆ ಸರಿದು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. “ಕುಂದರ್ರಿ. ನಿಮ್ಮ ಜಾಗಾನ.”

ದ್ಯಾಮಣ್ಣ ಕೂರಲಿಲ್ಲ. ಅಮರಮ್ಮ ಹುಲಗಮ್ಮನ ಫೈಲು ಒತ್ತಿದಳು.

ಬೀಸುವ ಕಲ್ಲಿನ ಗರಗರ ಮೊದಲು ಬಂತು. ಅದರ ಹಿಂದೆ ಒರಟಾದ, ಅವಸರವಿಲ್ಲದ ಹೆಣ್ಣು ದನಿ. ಎರಡು ನುಡಿ ಹಾಡಿ ದನಿ ಕೆಮ್ಮಿತು. ಕಲ್ಲು ನಿಂತಿತು. ‘ಏ ಕೇಳ್ರಿಲ್ಲೆ, ಒಂದು ತಂಬಿಗಿ ನೀರು ತರ್ರಿ. ಮಾಸ್ತರ ಮುಂದ ಗಂಟಲಾ ಕೈ ಕೊಟ್ಟು ಮಾನ ಕಳೀತು.’

ದ್ಯಾಮಣ್ಣನ ಕಾಲು ತಾನಾಗಿ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟಿತು. ಅಲ್ಲೇ ನಿಂತ. ನಿಂತವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ದಿನಾ ಹಿಂಗ ಎದ್ದು ಬಿಡ್ತೀನ್ರಿ,” ಎಂದ. “ಗೊತ್ತಿದ್ದೂ ಏಳತೀನಿ.”

ಅಮರಮ್ಮ ಧ್ವನಿ ನಿಲ್ಲಿಸಿದಳು. “ಮಾಸ್ತರಗ ಹೇಳಿದ್ರಾ, ದಿನಾ ಬಂದು ಕೇಳ್ತೀನಿ ಅಂತ?”

“ಗಂಡಸಾಗಿ ಏನಂತ ಹೇಳ್ಲಿ? ಮೊದಲ ದಿನ ಅಂವ ಒಮ್ಮೆ ಹಚ್ಚಿ ತೋರಿಸಿದ. ಯಾವ ಗುಂಡಿ ಒತ್ತೂದು ಅಂತ ನೋಡಿಕೊಂಡ್ನಿ. ಅಂವ ಕೆರಿ ಕಡೆ ಹೋದ ಕೂಡ್ಲೆ ಬಂದು ಅತ್ತು, ಅಂವ ಬರೂದ್ರೊಳಗ ಮುಖಾ ತೊಳಕೊಂಡು ಕಟ್ಟಿ ಮ್ಯಾಲ ಕುಂದರ್ತಿದ್ನಿ.”

“ಇಪ್ಪತ್ತೊಂಬತ್ತಕ್ಕೂ ಬಂದಿದ್ರಾ?”

“ಪೊಲೀಸ್ನವ್ರಿಗೆ ಬರೆಸೀನಲ್ಲ. ಮಾಸ್ತರಗ ಬಸ್ ಹತ್ತಿಸಿ ಬಂದು ಸಂಜಿ ತನಕ ಇಲ್ಲೇ ಇದ್ನಿ.”

“ನಾಲ್ಕಕ್ಕ ಈ ಪದಾ ಕೇಳಿದ್ರಿ?”

“ಅಮಾಸಿ ಬಿಟ್ರ ಒಂದಿನಾನೂ ತಪ್ಪಿಸಿಲ್ಲ.”

“ತಪ್ಪಿಸೀರಿ ದ್ಯಾಮಣ್ಣ.” ಅಮರಮ್ಮ ಪರದೆಯ ಮೇಲೆ ಬೆರಳಿಟ್ಟಳು. “ನೀವು ಕೇಳ್ಕೊಂತ ಕುಂತ ದಿನ ಇದು ಪದಾ ನಕಲು ಮಾಡಂಗಿಲ್ಲ, ಬಿಟ್ಟು ಹೋಗ್ತೈತಿ. ಆ ಒಂದ ದಿನ ಮಾಡೈತಿ.”

ದ್ಯಾಮಣ್ಣ ಪರದೆಯನ್ನು ನೋಡಿದ. ಓದಲು ಬಂದರೂ ಓದಲಿಲ್ಲ.

“ಅವತ್ತು ಕರೆಂಟ್ ಇದ್ದಿದ್ದಿಲ್ಲ ಕಾಣತೈತಿ.”

“ಕರೆಂಟ್ ಇಲ್ಲದ ನಕಲು ಹೆಂಗಾತು?”

“ಹಂಗಾದ್ರ…” ಅವನು ಟವೆಲ್ಲನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. “ಬ್ಯಾರೆ ಯಾರದರ ಪದಾ ಕೇಳಿರಬೇಕು, ಬಾಯಾರ. ನೆನಪು ಹಾರತೈತಿ ಈ ವಯಸ್ಸಿಗೆ.”

ಇಷ್ಟು ಹೊತ್ತಿನ ಸಲುಗೆಯ ‘ಅಮರವ್ವ’ ಈಗ ದೊಡ್ಡವರನ್ನು ಕರೆಯುವ ‘ಬಾಯಾರ’ ಆದದ್ದನ್ನು ಅಮರಮ್ಮ ಗಮನಿಸಿದಳು.

“ಅದೂ ಇರಬಹುದು. ಬ್ಯಾರೇದು ತೆರೆದಿದ್ರ ಅದರ ಹೆಸರು ಬಿದ್ದಿರಬೇಕು. ನೋಡೇ ಬಿಡೂಣು.”

ಬೆಳಗಿನಿಂದ ಅವಳು ಹುಲಗಮ್ಮನ ಹೆಸರಿದ್ದ ಸಾಲುಗಳನ್ನಷ್ಟೇ ಹೆಕ್ಕಿದ್ದಳು. ಈಗ ಇಪ್ಪತ್ತೊಂಬತ್ತರ ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ, ಅಕ್ಕಿ ಆರಿಸಿದಂತೆ ನಿಧಾನವಾಗಿ ನೋಡುತ್ತ ಬಂದಳು. ದ್ಯಾಮಣ್ಣನ ಉಸಿರು ಅವಳ ಹೆಗಲ ಹಿಂದೆ ಕೇಳುತ್ತಿತ್ತು.

ಕೊನೆಯ ಸಾಲಿನ ಮೇಲೆ ಅವಳ ಬೆರಳು ನಿಂತಿತು.

ಒಂದು ಇತ್ತು. ನಿಜವಾಗಿಯೂ ಇತ್ತು. ‘ತೆರೆದಿದೆ. ಬಿಡಲಾಗಿದೆ.’ ಆದರೆ ಅದು ಪದವಲ್ಲ. ಬರಹದ ಫೈಲು. ಹೆಸರು, ‘ತಂಗಿಗೆ ಕಾಗದ’.

“ದ್ಯಾಮಣ್ಣ, ನಿಮಗ ಇದರಾಗ ಟೈಪ್ ಮಾಡಾಕ ಬರ್ತೈತಾ?”

“ನನಗ ನಮ್ಮಾಕಿ ಪದದ ಗುಂಡಿ ಒಂದ ಗೊತ್ತ್ರಿ. ಯಾಕ?”

“ಅವತ್ತು ನಾಲ್ಕು ಗಂಟೆಕ್ಕ ಯಾರೋ ಇಲ್ಲಿ ಕುಂತು ಪಕೀರಮ್ಮಗ ಕಾಗದ ಬರೀತಿದ್ರು.”

ಪಕೀರಮ್ಮ ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಬಂದಳು. ದ್ಯಾಮಣ್ಣ ಮೊದಲು ಬೇಡವೆಂದಿದ್ದ ಕುರ್ಚಿಯಲ್ಲೇ ಕುಸಿದ.

“ನಾಲ್ಕಕ್ಕ ಅಂವ ಇದ್ನೇನ್ರಿ? ನಾಲ್ಕರ ತನಕ ಇದ್ನೇನು?” ಎಂದು ಮಕ್ಕಳಂತೆ ಅತ್ತ. “ಯವ್ವಾ, ನಾಲ್ಕರ ತನಕರ ಇದ್ನಲ್ಲ!”

“ಹೇಳ್ರಿ,” ಎಂದಳು ಅಮರಮ್ಮ. ಠಾಣೆಯ ದನಿಯಲ್ಲಿ ಅಲ್ಲ.

“ಮಾಸ್ತರ ಬಸ್ ಹತ್ತಲಿಲ್ರಿ. ಹತ್ತಿದಾವ ನಾನು. ಅವನ ಚೀಲಾ ಹಿಡಕೊಂಡು, ಅವನ ಮಫ್ಲರ್ ಸುತ್ತಿಕೊಂಡು. ಗಂಗಾವತ್ಯಾಗ ಚೀಲಾ ಇಟ್ಟು ಬಾ, ಊರಿಗೆ ಹೋಗ್ಯಾನ ಅಂತ ಮಂದಿ ತಿಳೀಲಿ ಅಂದ. ‘ನಾನಿಲ್ಲದಾಗ ಯಾರೋ ಬಂದು ಪದಗಳ ಮ್ಯಾಲ ಕೈ ಹಾಕಾಕತ್ಯಾರ, ಹುಲಗಮ್ಮಂದಂತೂ ಒಂದಿನಾನೂ ನಕಲಾಗಿಲ್ಲ, ಇವತ್ತು ಒಳಗ ಕುಂತು ಹಿಡೀತೀನಿ’ ಅಂದ.”

“ಹುಲಗಮ್ಮಂದಕ್ಕ ನೀವ ಕಾರಣ ಅಂತ ನಿಮಗ ತಿಳೀಲಿಲ್ಲಾ?”

“ನಾ ಬರೇ ಕೇಳ್ತಿದ್ನಿ. ಕೇಳಿದ್ರ ಕಂಪ್ಯೂಟರಿಗೆ ತೊಂದ್ರಿ ಆಗ್ತೈತಿ ಅಂತ ಯಾರಿಗೆ ಗೊತ್ತ್ರಿ?” ಅವನು ಪಕೀರಮ್ಮನ ಕಡೆ ನೋಡಲಾರದೆ ನೆಲ ನೋಡಿದ. “ಆದ್ರ ನಾಲ್ಕಕ್ಕ ಬರಾವ ನಾನ ಅಂತ ಒಂದು ಮಾತು ಅಂದಿದ್ರ ಅಂವ ಈ ಹುಚ್ಚು ಕೆಲಸ ಮಾಡ್ತಿದ್ದಿಲ್ಲ. ನಾಚಿಕಿ ಬಂತ್ರಿ. ಬಾಯಿ ಬರಲಿಲ್ಲ.”

ಒಂದು ಗೋಡೆಯಾಚೆ ಈಚೆ ಬದುಕಿದ ಮೂವರು. ತಂಗಿ ಪೂಜೆ ಮುಚ್ಚಿಟ್ಟಳು, ಗೆಳೆಯ ಅಳು ಮುಚ್ಚಿಟ್ಟ. ನಡುವೆ ಇದ್ದವನು ಇಲ್ಲದ ಕಳ್ಳನನ್ನು ಹಿಡಿಯಲು ಬಾಗಿಲು ಹಾಕಿಕೊಂಡು ಕುಳಿತ. ನಾಲ್ಕು ಮಾತು ಆಡಿದ್ದರೆ ಸಾಕಿತ್ತು ಎಂದು ಅಮರಮ್ಮನಿಗೆ ಅನಿಸಿತು.

“ಸಂಜಿಗೆ ಬಂದು ಏನು ನೋಡಿದ್ರಿ?”

“ಹೋಗುವಾಗ ಹೊರಗಿಂದ ಬೀಗ ಹಾಕು ಅಂದಿದ್ದ. ಬೀಗ ನೋಡಿದ್ರ ಕಳ್ಳ ಧೈರ್ಯ ಮಾಡ್ತಾನ ಅಂತ. ಆರೂವರಿಗೆ ಬಂದ್ರ ಬೀಗ ನಾ ಹಾಕಿದಂಗ ಇತ್ತು. ಹಿತ್ತಲ ಬಾಗಿಲಾ ಒಳಗಿಂದ ಚಿಲಕ. ಮಾಸ್ತರ ಇಲ್ಲ. ಕಳ್ಳನ ಬೆನ್ನ ಹತ್ತಿ ಹೋಗ್ಯಾನ, ಬರ್ತಾನ ಅಂತ ಕಾದ್ನಿ. ಪೊಲೀಸ್ನವ್ರು ಕೇಳಿದಾಗ ಅಂವ ಕಲಿಸಿಕೊಟ್ಟ ಮಾತ ಹೇ‍ಳಿಬಿಟ್ನಿ. ಮರುದಿನದಿಂದ ಅದನ್ನ ತಿರುವಿ ಹಾಕಾಕ ಭಯಾ ಬಂತು.”

“ಈ ಬೀಗಕ್ಕ ಎಷ್ಟು ಕೈ?”

“ಎರಡ್ರಿ. ಮಾಸ್ತರಂದು ಅವತ್ತು ನನ್ನ ಕಿಸೆದಾಗ ಇತ್ತು. ಇನ್ನೊಂದು ಪಕೀರವ್ವಂದು.”

ಹತ್ತು ದಿನದಿಂದ ಕಾಲುವೆ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದ ಪಕೀರಮ್ಮನ ಕೈಗಳು ಈಗ ಎದೆಯ ಮೇಲಿದ್ದವು. “ಅಂದ್ರ ಅಣ್ಣ ಗಂಗಾವತಿಗೆ ಹೋಗೇ ಇಲ್ಲ. ಕಾಲುವಿ ಕಡೆ ಹೋಗೇ ಇಲ್ರಿ ಅಕ್ಕಾರ. ಆ ಕಾಗದ ತಗೀರಿ. ಏನು ಬರದಾನ ನೋಡ್ರಿ.”

ಅಮರಮ್ಮ ಹುಡುಕಿದಳು. ಕಂಪ್ಯೂಟರಿನಲ್ಲಿ ಆ ಹೆಸರಿನ ಫೈಲು ಇರಲಿಲ್ಲ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯೂ ಬರಿದು. ಕರಿಯ ಡಬ್ಬಿಗೆ ಅದು ಹೋಗಲೇ ಇಲ್ಲ, ಬರೆಯುವವನು ತೆರೆದು ಕುಳಿತಿದ್ದನಲ್ಲ! ಮುನ್ನೂರು ಮುದುಕಿಯರ ದನಿ ಜೋಪಾನವಾಗಿ ಉಳಿದಿತ್ತು. ಮಾಸ್ತರನ ಸ್ವಂತ ಮಾತು ಒಂದೇ ಉಳಿದಿರಲಿಲ್ಲ.

“ಯಾರೋ ಅಳಿಸ್ಯಾರ,” ಎಂದಳು. “ಅಳಿಸಿ, ಬುಟ್ಟೀನೂ ಬರಿದು ಮಾಡ್ಯಾರ.”

ಪಕೀರಮ್ಮ ಪರದೆಯ ಹತ್ತಿರ ಬಂದಳು.

ಅಮರಮ್ಮ ಕೈ ಮಡಚಿ ಯೋಚಿಸಿದಳು. ಠಾಣೆಯಲ್ಲಿ ಕರೆಂಟು ಹೋಗಿ ಅರ್ಧ ಹೊಡೆದ ದೂರು ಮಾಯವಾದ ದಿನಗಳು ಎಷ್ಟಿದ್ದವು! ಆಗ ಸಾಹೇಬರ ಬೈಗುಳದಿಂದ ಅವಳನ್ನು ಉಳಿಸಿದ್ದು ಒಂದು ಸಣ್ಣ ಗುಟ್ಟು. ಬರೆಯುವ ತಂತ್ರಾಂಶ ನಾವು ಉಳಿಸಿದ ಫೈಲಿನ ಜೊತೆಗೆ, ನಮಗೆ ಹೇಳದೆ, ಬೇರೆ ಕಡೆ ತನ್ನದೊಂದು ಪ್ರತಿ ಇಟ್ಟುಕೊಂಡಿರುತ್ತದೆ. ಕೆಲಸ ನಡುವೆ ತುಂಡಾಗಿದ್ದರೆ, ಮುಂದಿನ ಸಲ ತೆರೆದಾಗ ತಾನೇ ಕೇಳುತ್ತದೆ. ಅಳಿಸಿದವರು ಅವಸರದಲ್ಲಿ ಕಂಪ್ಯೂಟರಿನ ವೈರು ಕಿತ್ತಿದ್ದರೆ? ಹತ್ತು ದಿನದಿಂದ ಈ ಮನೆಯಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ.

ಬರೆಯುವ ತಂತ್ರಾಂಶವನ್ನು ಒತ್ತಿದಳು. ಪರದೆ ಬಿಳಿಯಾಯಿತು. ಕೆಲವು ಕ್ಷಣ ಏನೂ ಆಗಲಿಲ್ಲ. ಆಮೇಲೆ ನಡುವೆ ಒಂದು ಚೌಕ ಮೂಡಿತು: ‘ಹಿಂದಿನ ಸಲ ಸರಿಯಾಗಿ ಮುಚ್ಚದ ಬರಹ ಒಂದಿದೆ. ಮರಳಿ ತೆರೆಯಬೇಕೆ?’

ಅಮರಮ್ಮ ಹೌದು ಎಂದು ಒತ್ತಿ, ಪಕೀರಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು.

‘ತಂಗಿ ಪಕೀರಮ್ಮ,

ನಾನು ಗಂಗಾವತಿಗೆ ಹೋಗಿಲ್ಲ. ಮನೆಯಲ್ಲೇ ಇದ್ದೇನೆ. ಸುಳ್ಳು ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ದ್ಯಾಮಣ್ಣನನ್ನೂ ಬೈಯಬೇಡ. ಬೆಳಗಿನಿಂದ ಒಬ್ಬನೇ ಕುಳಿತು ಕಾಯುತ್ತಿದ್ದೇನೆ. ಯಾರೂ ಬರಲಿಲ್ಲ. ನನ್ನದೇ ಭ್ರಮೆ ಇರಬೇಕು. ಸುಮ್ಮನೆ ಕೂತಾಗ ತಿಳಿಯಿತು, ನೀನು ಡ್ಯೂಟಿಯಿಂದ ಬಂದು ಒಬ್ಬಳೇ ಉಣ್ಣುತ್ತೀ, ನಾನು ಪದ ಕೇಳುತ್ತ ಒಬ್ಬನೇ ಉಣ್ಣುತ್ತೇನೆ. ಊರೂರಿನ ಹೆಣ್ಣುಮಕ್ಕಳ ದನಿ ಹಿಡಿದೆ, ನಿನ್ನ ದನಿ ಒಂದು ದಿನವೂ ಹಿಡಿಯಲಿಲ್ಲ. ಇವತ್ತು ನೀನು ಬಂದ ಮೇಲೆ’

ಅಲ್ಲಿಗೆ ಸಾಲು ತುಂಡಾಗಿತ್ತು. ಪಕೀರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಕೆಳಗೆ ಜಾಗ ಬಿಟ್ಟು, ಅವಸರದಲ್ಲಿ ಹೊಡೆದಂತೆ, ಇನ್ನೊಂದು ಸಾಲು ಇತ್ತು.

‘ಬೀಗ ತೆಗೆಯುವ ಸಪ್ಪಳವಾಗುತ್ತಿದೆ. ಇನ್ನೂ ನಾಲ್ಕೂ ಕಾಲು. ಇಷ್ಟು ಬೇಗ ಯಾಕೆ ಬಂದೆ ನೀನು?’

ಅದರ ಕೆಳಗೆ ಏನೂ ಇರಲಿಲ್ಲ.

ದ್ಯಾಮಣ್ಣ ನಿಧಾನವಾಗಿ ತಲೆ ಎತ್ತಿ ಪಕೀರಮ್ಮನನ್ನು ನೋಡಿದ. ಅಮರಮ್ಮನೂ ನೋಡಿದಳು.

“ನಾ ಬಂದಿಲ್ರಿ!” ಪಕೀರಮ್ಮ ಹಿಂದೆ ಸರಿದಳು. “ದೇವರಾಣಿ ಬಂದಿಲ್ಲ. ಏಳರ ತನಕ ವಾರ್ಡಿನ್ಯಾಗ ಇದ್ನಿ, ಹಾಜರಿ ನೋಡ್ರಿ ಬೇಕಾದ್ರ.”

“ನೀ ಬಂದಿ ಅಂತ ನಾ ಅಂದಿಲ್ಲ. ನಿನ್ನ ಬೀಗದ ಕೈ ಎಲ್ಲಿತ್ತು ಅವತ್ತು?”

“ಸೆರಗಿನ ಗಂಟಿನ್ಯಾಗ ಇತ್ತ್ರಿ, ಯಾವಾಗ್ಲೂ ಇರೂವಲ್ಲೇ…”

ಎಂದವಳು ಬಾಯಿ ತೆರೆದುಕೊಂಡೇ ನಿಂತಳು. ಗಂಟಿನ ಮೇಲಿದ್ದ ಬೆರಳು, ಸುಟ್ಟಂತೆ, ಗಕ್ಕನೆ ಹಿಂದಕ್ಕೆ ಬಂತು.

“ಅಕ್ಕಾರ, ಡ್ಯೂಟಿ ಮ್ಯಾಲೆ ನಾವು ಮನಿ ಸೀರಿ ಬಿಚ್ಚಿ ಗೂಟಕ್ಕ ಹಾಕಿ ಯೂನಿಫಾರಂ ಉಡತೀವ್ರಿ,” ಎಂದಳು. “ಅವತ್ತು ಸಂಜಿಗೆ ತಿರುಗಿ ಸೀರಿ ಉಡುವಾಗ ನೋಡೀನಿ. ಬೀಗದ ಕೈ ಇತ್ತು. ಗಂಟು ಮಾತ್ರ ನಾ ಹಾಕಿದ್ದಲ್ಲ.”